ವಿದೇಶದಲ್ಲಿ ಸ್ವತಃ ಕಾರು ಚಲಾಯಿಸಿ ಪ್ರವಾಸ ಮಾಡಲಿಚ್ಛಿಸುವವರ ಗಮನಕ್ಕೆ

ಕುಡಚಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ಹಾಗೂ ನಿಪ್ಪಾಣಿ ಭಾಗದ ನಾಗರಿಕರು ವಿದೇಶದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ತೆರಳಿದಾಗ, ಬಾಡಿಗೆ ಕಾರಿನಲ್ಲಿ ಅಲ್ಲಿನ ಪುರಾತನ ಪಟ್ಟಣಗಳನ್ನೂ ಹಳ್ಳಿಗಾಡನ್ನೂ ನೋಡಬಯಸುವುದು ಸಹಜ. ಇದಕ್ಕೆ ಬೇಕಾಗುವ ಅಂತರರಾಷ್ಟ್ರೀಯ ಚಾಲನಾ ರಹದಾರಿಯ ಬಗ್ಗೆ ಈ ಮಾಹಿತಿಯನ್ನು ನೀಡಲಾಗಿದೆ.

ಈ ರಹದಾರಿಯು ಪ್ರತ್ಯೇಕ ಲೈಸೆನ್ಸ್ ಅಲ್ಲ. 1949ರ ಜಿನೀವಾ ರಸ್ತೆ ಸಂಚಾರ ಒಡಂಬಡಿಕೆಯನ್ವಯ, ತಮ್ಮಲ್ಲಿರುವ ಚಾಲನಾ ಅನುಜ್ಞಾಪತ್ರವನ್ನು ಅನ್ಯಭಾಷಿಕ ಅಧಿಕಾರಿಗೆ ಓದಿ ಹೇಳುವ ದಾಖಲೆ ಮಾತ್ರ. ಆದುದರಿಂದ ಮೂಲ ಅನುಜ್ಞಾಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಮೊಬೈಲಿನ ಡಿಜಿಲಾಕರ್ ಪ್ರತಿಯು ಇಲ್ಲಿ ಸಾಕಾದರೂ ಅಲ್ಲಿ ನೆರವಿಗೆ ಬಾರದು.

ಅರ್ಜಿಯನ್ನು ನಮೂನೆ 4-ಎ ರಲ್ಲಿ, ವಾಸಸ್ಥಳದ ವ್ಯಾಪ್ತಿಯ ಸಾರಿಗೆ ಕಛೇರಿಗೆ ಅಥವಾ ಸಾರಥಿ ಜಾಲತಾಣದ ಮೂಲಕ ಸಲ್ಲಿಸಬಹುದು. ನಿಗದಿತ ಶುಲ್ಕ ರೂ. 1,000. ವೈದ್ಯಕೀಯ ಪ್ರಮಾಣಪತ್ರ ಹಾಗೂ ವೀಸಾ ಹಾಜರುಪಡಿಸಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರವು 2021ರ ಜನವರಿಯಲ್ಲಿ ಕೈಬಿಟ್ಟಿದೆ. ರಹದಾರಿಯು ನೀಡಿದ ದಿನದಿಂದ ಒಂದು ವರ್ಷ ಅಥವಾ ಮೂಲ ಅನುಜ್ಞಾಪತ್ರದ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾನ್ಯ. 55 ವರ್ಷ ಮೀರಿದವರಿಗೆ ಅನುಜ್ಞಾಪತ್ರವು ಐದೇ ವರ್ಷಕ್ಕೆ ನವೀಕರಣಗೊಳ್ಳುವುದರಿಂದ ಹಿರಿಯರು ಈ ದಿನಾಂಕವನ್ನು ಮೊದಲು ನೋಡಿಕೊಳ್ಳುವುದು ಒಳಿತು. ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಅವಕಾಶವಿದೆ.

ಹೆಚ್ಚಿನ ತೊಡಕು ಹೆಸರಿನಲ್ಲಿ ಉಂಟಾಗುತ್ತದೆ. ನಮ್ಮ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದ್ದು, ಪಾಸ್‌ಪೋರ್ಟಿನಲ್ಲಿ ಇವು ಪೂರ್ಣವಾಗಿಯೂ ಹಳೆಯ ಅನುಜ್ಞಾಪತ್ರದಲ್ಲಿ ಇನಿಷಿಯಲ್ ರೂಪದಲ್ಲಿಯೂ ಇರುವುದುಂಟು. ರಹದಾರಿಯಲ್ಲಿ ಅನುಜ್ಞಾಪತ್ರದ ಹೆಸರೇ ಬರುತ್ತದೆ. ವಿದೇಶದ ಬಾಡಿಗೆ ಕಾರಿನ ಕೌಂಟರಿನಲ್ಲಿ ಪಾಸ್‌ಪೋರ್ಟ್, ಅನುಜ್ಞಾಪತ್ರ, ಕ್ರೆಡಿಟ್ ಕಾರ್ಡ್ ಮೂರನ್ನೂ ಎದುರಿಗಿಟ್ಟು ತಾಳೆ ನೋಡುತ್ತಾರೆ. ಹೊಂದದಿದ್ದಲ್ಲಿ ಕಾರು ದೊರೆಯದೆ, ಮುಂಗಡ ಕಟ್ಟಿದ ಹಣವೂ ಮರಳದಿರಬಹುದು. ಆದಕಾರಣ ಹೆಸರಿನ ತಿದ್ದುಪಡಿಯನ್ನು ಟಿಕೆಟ್ ಕೊಳ್ಳುವ ಮುನ್ನವೇ ಮುಗಿಸಿಕೊಳ್ಳಬೇಕು. ಪ್ರಯಾಣದ ಹಿಂದಿನ ವಾರ ಅರ್ಜಿ ಹಿಡಿದು ಬಂದರೆ ಕಛೇರಿಯಿಂದ ಹೆಚ್ಚೇನೂ ಮಾಡಲಾಗದು.

ಹಲವು ವರ್ಷಗಳ ಮಾನ್ಯತೆಯಿದೆಯೆಂದು ಅಂತರ್ಜಾಲದಲ್ಲಿ ಖಾಸಗಿಯವರು ಮಾರುವ "ಅಂತರರಾಷ್ಟ್ರೀಯ ಲೈಸೆನ್ಸ್"ಗಳಿಗೆ ಮಾರುಹೋಗಬಾರದು. ಅವುಗಳಿಗೆ ಕಾನೂನಿನ ಬೆಲೆಯಿಲ್ಲ. ಅಪಘಾತವಾದಲ್ಲಿ ವಿಮೆಯೂ ಕೈಕೊಡಬಹುದು.

ದೇಶದಿಂದ ದೇಶಕ್ಕೆ ನಿಯಮ ಬೇರೆ. ಬ್ರಿಟನ್ನಿನಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರವಿದ್ದು, ಭಾರತದ ಅನುಜ್ಞಾಪತ್ರದಲ್ಲಿ 12 ತಿಂಗಳವರೆಗೆ ಕಾರು ಚಲಾಯಿಸಬಹುದು. ಚೀನಾದ ಮುಖ್ಯಭೂಮಿಯಲ್ಲಿ ಈ ರಹದಾರಿಗೆ ಮನ್ನಣೆಯಿಲ್ಲ. ಇಟಲಿಯಲ್ಲಿ ಸಂಚಾರ ಬಲಬದಿಯದು. ಅನುಜ್ಞಾಪತ್ರದೊಡನೆ ರಹದಾರಿ ಅಥವಾ ಪ್ರಮಾಣಿತ ಅನುವಾದ ಕಡ್ಡಾಯ.

ಇಟಲಿಯ ವಿಷಯದಲ್ಲಿ ಒಂದು ಮಾತು ವಿಶೇಷವಾಗಿ ತಿಳಿಸಬೇಕು. ಫ್ಲಾರೆನ್ಸ್, ಸಿಯೆನಾ, ಪೀಸಾ ಮುಂತಾದ ಊರುಗಳ ಹಳೆಯ ಪೇಟೆಗೆ "ಝೆಡ್.ಟಿ.ಎಲ್." ಎಂಬ ಫಲಕದ ಎಲ್ಲೆಯಿದೆ. ಪರವಾನಗಿಯಿಲ್ಲದ ವಾಹನ ಅದನ್ನು ದಾಟಿದೊಡನೆ ಕ್ಯಾಮರಾ ನಂಬರ್ ಫಲಕವನ್ನು ದಾಖಲಿಸುತ್ತದೆ. ಯಾರೂ ಕೈಯೊಡ್ಡಿ ನಿಲ್ಲಿಸುವುದಿಲ್ಲ. ಪ್ರವಾಸಿಗೆ ತಿಳಿಯುವುದೂ ಇಲ್ಲ. ತಿಂಗಳುಗಳ ನಂತರ ದಂಡದ ನೋಟೀಸು ಮನೆಗೆ ಬರಬಹುದು. ವಿಳಾಸ ಒದಗಿಸಿದ ಬಾಬ್ತು ಬಾಡಿಗೆ ಸಂಸ್ಥೆಯು ಬೇರೆ ಶುಲ್ಕ ವಸೂಲು ಮಾಡುತ್ತದೆ. ಆದುದರಿಂದ ಕಾರನ್ನು ಕೋಟೆಗೋಡೆಯ ಹೊರಗೆ ನಿಲ್ಲಿಸಿ ನಡೆದು ಹೋಗುವುದೇ ಲೇಸು. ವಸತಿಗೃಹ ಎಲ್ಲೆಯೊಳಗಿದ್ದಲ್ಲಿ ಕಾರಿನ ಸಂಖ್ಯೆಯನ್ನು ಅವರಿಗೆ ಮುಂಚಿತವಾಗಿ ತಿಳಿಸಿ, ಪ್ರವೇಶಾನುಮತಿ ದೊರೆತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಊರ ಹೊರಗಿನ ಹಳ್ಳಿರಸ್ತೆಗಳ ಬಗ್ಗೆ ಅಂಜಿಕೆ ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಾಗಿ ರೂಢಿಯಿದ್ದವರಿಗೆ ಅಲ್ಲಿನ ಟ್ರ್ಯಾಕ್ಟರು ಹೊಸದೇನಲ್ಲ.

ಸ್ವಿಟ್ಜರ್ಲೆಂಡ್ ಹಾಗೂ ಆಸ್ಟ್ರಿಯಾದ ಹೆದ್ದಾರಿಗಳಿಗೆ "ವಿನ್ಯೆಟ್" ಎಂಬ ರಸ್ತೆ ಶುಲ್ಕವನ್ನು ಮುಂಚಿತವಾಗಿ ಪಾವತಿಸಿರಬೇಕು. ಕಾರಿಗೆ ಅದು ಇದೆಯೇ ಎಂದು ಬಾಡಿಗೆ ಸಂಸ್ಥೆಯಲ್ಲಿ ವಿಚಾರಿಸುವುದು.

ವಿದೇಶದಲ್ಲಿರುವಾಗಲೇ ರಹದಾರಿಯ ಅವಧಿ ಮುಗಿದಲ್ಲಿ, ಅಲ್ಲಿನ ಭಾರತೀಯ ರಾಯಭಾರ ಕಛೇರಿಯ ಮುಖಾಂತರ ಹೊಸದಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.