ಹನ್ನೊಂದನೇ ಗುಂಪಿನ ಒಂಟಿ ಎಲೆಕ್ಟ್ರಾನ್

1942ರಲ್ಲಿ ಅಮೆರಿಕದ ಸೇನೆ ತನ್ನದೇ ಸರ್ಕಾರದ ಖಜಾನೆಯಿಂದ ಬೆಳ್ಳಿ ಕಡ ಕೇಳಿತು. ಅಣುಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸಲು ಓಕ್ ರಿಡ್ಜ್‌ನಲ್ಲಿ ದೈತ್ಯ ವಿದ್ಯುತ್ಕಾಂತಗಳನ್ನು ಕಟ್ಟಬೇಕಿತ್ತು. ಅವುಗಳ ಸುರುಳಿಗೆ ತಾಮ್ರವೇ ಸಿಗದಷ್ಟು ಯುದ್ಧಕಾಲದ ಬರ. ಹಾಗೆ ಹೊರಬಂದ ಬೆಳ್ಳಿ 13 ಸಾವಿರ ಟನ್ನಿಗೂ ಹೆಚ್ಚು. ಅದರ ಕೊನೆಯ ಕಂತು ಖಜಾನೆಗೆ ಮರಳಿದ್ದು 1970ರಲ್ಲಿ!

ತಾಮ್ರದ ಜಾಗಕ್ಕೆ ಬೆಳ್ಳಿ ಬಂದದ್ದು ಆಕಸ್ಮಿಕವಲ್ಲ. ಆವರ್ತಕ ಕೋಷ್ಟಕದ ಹನ್ನೊಂದನೇ ಗುಂಪಿನಲ್ಲಿ ತಾಮ್ರ, ಬೆಳ್ಳಿ, ಚಿನ್ನ ಒಂದರ ಕೆಳಗೊಂದು ಕೂತಿವೆ. ಸಾಮಾನ್ಯ ಉಷ್ಣತೆಯಲ್ಲಿ ಬೇರೆ ಯಾವ ಧಾತುವೂ ಈ ಮೂರರಷ್ಟು ಚೆನ್ನಾಗಿ ವಿದ್ಯುತ್ ಹರಿಸದು. ಬೆಳ್ಳಿ ಮೊದಲು, ಕೂದಲೆಳೆಯಷ್ಟು ಹಿಂದೆ ತಾಮ್ರ, ಆಮೇಲೆ ಚಿನ್ನ.

ಎಲೆಕ್ಟ್ರಾನ್ ಹೆಚ್ಚಿದ್ದಲ್ಲಿ ವಿದ್ಯುತ್ತೂ ಹೆಚ್ಚು ಹರಿಯುತ್ತದೆ ಎಂದುಕೊಳ್ಳುವುದು ಸಹಜ. ಹಾಗಿದ್ದರೆ ಪ್ರತಿ ಪರಮಾಣುವಿನಿಂದ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುವ ಅಲ್ಯೂಮಿನಿಯಂ ಗೆಲ್ಲಬೇಕಿತ್ತು. ಅದರ ವಾಹಕತೆ ತಾಮ್ರದ ಶೇ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತಾಮ್ರದ ಪರಮಾಣು ಕೊಡುವುದು ಒಂದೇ ಎಲೆಕ್ಟ್ರಾನ್, ಆದರೆ ಅದರ ದಾರಿ ನಿರಾಳ. ಒಳಗಿನ ಡಿ-ಕವಚದಲ್ಲಿ ಹತ್ತೂ ಸ್ಥಾನ ಭರ್ತಿಯಾಗಿರುವುದರಿಂದ ಅದು ಅತ್ತ ಹೊರಳಲು ಎಡೆಯಿಲ್ಲ. ಕಬ್ಬಿಣದಲ್ಲಿ ಆ ಕವಚ ಅರೆಬರೆ ತುಂಬಿದೆ. ಹರಿಯುವ ಎಲೆಕ್ಟ್ರಾನ್‌ಗಳು ಅಲ್ಲಿನ ಖಾಲಿ ಜಾಗಗಳಿಗೆ ಚದುರುತ್ತವೆ. ಅದರ ವಾಹಕತೆ ತಾಮ್ರದ ಆರನೇ ಒಂದು ಪಾಲು. ಕೋಷ್ಟಕದ ಬಲಕ್ಕಿರುವ ಗಂಧಕದಲ್ಲಂತೂ ಎಲೆಕ್ಟ್ರಾನ್‌ಗಳೆಲ್ಲ ಬಂಧಗಳಲ್ಲೇ ಸಿಕ್ಕಿಬಿದ್ದಿವೆ. ಬೆಳ್ಳಿಗೂ ಅದಕ್ಕೂ ಇರುವ ಅಂತರ ಬರೆಯಲು 1ರ ಮುಂದೆ 20ಕ್ಕೂ ಹೆಚ್ಚು ಸೊನ್ನೆ ಬೇಕು.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಚಿನ್ನದ ಪಕ್ಕದ ಮನೆಯ ಪಾದರಸ. ವಾಹಕತೆಯಲ್ಲಿ ಅದು ಚಿನ್ನದ ನಲವತ್ತನೇ ಒಂದು ಪಾಲಿನಷ್ಟು, ಲೋಹಗಳ ಪೈಕಿ ತೀರಾ ಬಡಪಾಯಿ. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಅವರ ಪ್ರಯೋಗಾಲಯ ಅದನ್ನು ದ್ರವ ಹೀಲಿಯಂನಿಂದ ತಂಪಾಗಿಸಿತು. ಮೈನಸ್ 269 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ರೋಧ ಥಟ್ಟನೆ ಮಾಯವಾಯಿತು. ಹೀಗೆ ಮೊದಲ ಅತಿವಾಹಕ ಸಿಕ್ಕಿತು. ಅದರ ಕಾರಣ ತಿಳಿಯಲು 1957ರವರೆಗೆ ಕಾಯಬೇಕಾಯಿತು. ಬಿಸಿಯಲ್ಲಿ ಎಲೆಕ್ಟ್ರಾನನ್ನು ತಡೆಯುವುದು ಪರಮಾಣುಗಳ ಕಂಪನ. ಕೊರೆಯುವ ಚಳಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಜೋಡಿಜೋಡಿಯಾಗಿ ಬೆಸೆಯುವುದೂ ಅದೇ. ಎಲೆಕ್ಟ್ರಾನಿಗೂ ಕಂಪನಕ್ಕೂ ಇರುವ ನಂಟು ಗಟ್ಟಿಯಾಗಿರುವ ಪಾದರಸ, ಸೀಸ ಅತಿವಾಹಕಗಳಾಗುತ್ತವೆ. ಎಲೆಕ್ಟ್ರಾನನ್ನು ಹೆಚ್ಚು ತಡೆಯದ ತಾಮ್ರ, ಬೆಳ್ಳಿ, ಚಿನ್ನಗಳಲ್ಲಿ ಆ ನಂಟು ತೀರಾ ದುರ್ಬಲ. ಸಾಮಾನ್ಯ ಒತ್ತಡದಲ್ಲಿ ಎಷ್ಟು ತಣಿಸಿದರೂ ಈ ಮೂರೂ ಈವರೆಗೆ ಅತಿವಾಹಕಗಳಾಗಿಲ್ಲ.