ಬಾರದವರನ್ನು ವಿಚಾರಿಸುವುದು

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರು ಕಾಣದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ಆಕೆ ತೀರಿಕೊಂಡಿದ್ದರು. ಸಹಾಬಿಗಳು ಅದನ್ನು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ. ತಮಗೇಕೆ ತಿಳಿಸಲಿಲ್ಲವೆಂದು ಕೇಳಿದ ಪ್ರವಾದಿವರ್ಯರು(ಸ) ಆಕೆಯ ಕಬರ್ ಬಳಿಗೆ ಹೋಗಿ ಜನಾಝಾ ನಮಾಝ್ ನಿರ್ವಹಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ಸಹೋದರರೇ, ಸುತ್ತ ಜನರಿದ್ದರೂ ‘ನಾನು ಬಾರದಿದ್ದರೆ ಯಾರೂ ಕೇಳುವುದಿಲ್ಲ’ ಎನಿಸುವುದೇ ಕೆಲಸದ ಸ್ಥಳದ ಒಂಟಿತನ. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ.

ಅಂಗಡಿ, ಗ್ಯಾರೇಜ್, ಕಚೇರಿ ನಡೆಸುವವರ ಹೊಣೆ ಸಂಬಳ ಕೊಡುವಲ್ಲಿಗೆ ಮುಗಿಯುವುದಿಲ್ಲ. ಕೆಲಸಗಾರ ಬಾರದಿದ್ದರೆ ಸಂಬಳ ಕಡಿಯುವ ಲೆಕ್ಕಕ್ಕೆ ಮೊದಲು ಫೋನ್ ಮಾಡಿ ಆರೋಗ್ಯ ವಿಚಾರಿಸಿ. ಊರು ಬಿಟ್ಟು ಬಂದ ಹುಡುಗನ ಹೆಸರು, ಮನೆಯವರ ಕ್ಷೇಮ ತಿಳಿದಿರಲಿ. ಅಡುಗೆ ಮಾಡಿ ತಂದ ಸೇವಕನನ್ನು ಜೊತೆಗೆ ಕೂರಿಸಿ ಉಣ್ಣಿಸಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವಾರಕ್ಕೊಮ್ಮೆಯಾದರೂ ಕೆಲಸಗಾರರೊಂದಿಗೆ ಕುಳಿತು ಊಟ ಮಾಡಿ. ಅವರು ಯಾವ ಧರ್ಮದವರಾದರೂ ಸರಿ. ಮನಸ್ಸು ಬಿಚ್ಚಿ ಹೇಳಿದ ಮಾತು ನಿಮ್ಮಲ್ಲಿರುವ ಅಮಾನತ್; ಇನ್ನೊಬ್ಬರ ಮುಂದೆ ಆಡಬೇಡಿ.

ಈ ವಾರ ನಿಮ್ಮಲ್ಲಿ ಯಾರು ಕೆಲಸಕ್ಕೆ ಬಂದಿಲ್ಲ? ಇಂದೇ ವಿಚಾರಿಸಿ.