ಐರ್ಲೆಂಡ್ ಇತಿಹಾಸದಲ್ಲಿ ಪಿಎಚ್‌ಡಿ ಮಾಡಬೇಕೇ? ಡಬ್ಲಿನ್‌ಗಿಂತ ಮೊದಲು ತಿರುವನಂತಪುರಕ್ಕೆ ಹೋಗಿ!

ಅದು 1924ರ ಮೈಸೂರು. ಇಂಗ್ಲಿಷ್‌ನಲ್ಲಿ ಕವಿತೆ ಬರೆಯುತ್ತಿದ್ದ ಕೆ.ವಿ. ಪುಟ್ಟಪ್ಪ ಎಂಬ ಯುವಕ, ನಗರಕ್ಕೆ ಬಂದಿದ್ದ ಐರಿಶ್ ಕವಿಯೊಬ್ಬರಿಗೆ ತಮ್ಮ ರಚನೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲೇ ಏಕೆ ಬರೆಯಬಾರದು ಎಂದು ಆ ಕವಿ ಕೇಳಿದರು. ಮುಂದೆ ಪುಟ್ಟಪ್ಪ ಕುವೆಂಪು ಆದ ಕಥೆ ಕನ್ನಡಿಗರಿಗೆಲ್ಲ ಗೊತ್ತು.

ಆದರೆ ಆ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಮುಂದೆ ಏನಾದರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಸಾಗುವುದು ಕೇರಳದ ಕಡೆಗೆ. ಐರ್ಲೆಂಡ್‌ನ ಸಂಸ್ಕೃತಿ, ಇತಿಹಾಸದ ಬಗ್ಗೆ ಅಂತರಶಿಸ್ತೀಯ ಸಂಶೋಧನೆ ಮಾಡಬೇಕು ಎಂದುಕೊಂಡವರಿಗೆ ಕಸಿನ್ಸ್ ಅವರ ಬದುಕೇ ಒಂದು ಒಳ್ಳೆಯ ಉದಾಹರಣೆ. ಏಕೆ ಎಂಬುದರ ವಿವರ ಇಲ್ಲಿದೆ.

ಯಾರು ಈ ಜೇಮ್ಸ್ ಕಸಿನ್ಸ್?

ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಡಬ್ಲಿನ್‌ನಲ್ಲಿ ಯೇಟ್ಸ್, ಜಾರ್ಜ್ ರಸೆಲ್ ಮುಂತಾದವರ ಒಡನಾಟದಲ್ಲಿದ್ದ ಕವಿ, ನಾಟಕಕಾರ. ಜೇಮ್ಸ್ ಜಾಯ್ಸ್ 1904ರಲ್ಲಿ ಕೆಲ ದಿನ ಇವರ ಮನೆಯಲ್ಲೇ ತಂಗಿದ್ದರು. 1915ರಲ್ಲಿ ಆನಿ ಬೆಸೆಂಟ್ ಆಹ್ವಾನದ ಮೇರೆಗೆ ಭಾರತಕ್ಕೆ ಬಂದ ಕಸಿನ್ಸ್, ಆಂಧ್ರದ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನ ಪ್ರಾಂಶುಪಾಲರಾದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳುವಲ್ಲೂ ಅವರ ಪಾತ್ರವಿತ್ತು.

ನಂತರ ಅವರು ತಿರುವಾಂಕೂರು ಸಂಸ್ಥಾನದ ಕಲಾ ಸಲಹೆಗಾರರಾದರು. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿರುವ ಶ್ರೀ ಚಿತ್ರಾ ಆರ್ಟ್ ಗ್ಯಾಲರಿ 1935ರಲ್ಲಿ ಆರಂಭವಾದದ್ದು ಅವರ ಮಾರ್ಗದರ್ಶನದಲ್ಲಿ. 1937ರಲ್ಲಿ ಸ್ಥಾಪನೆಯಾದ ತಿರುವಾಂಕೂರು ವಿಶ್ವವಿದ್ಯಾಲಯದಲ್ಲಿ, ಅಂದರೆ ಇಂದಿನ ಕೇರಳ ವಿಶ್ವವಿದ್ಯಾಲಯದಲ್ಲಿ, ಲಲಿತಕಲಾ ವಿಭಾಗವನ್ನೂ ಅವರು ಮುನ್ನಡೆಸಿದರು. 1956ರಲ್ಲಿ ಮದನಪಲ್ಲಿಯಲ್ಲಿ ನಿಧನರಾದರು.

ಪತ್ನಿ ಮಾರ್ಗರೆಟ್ ಕಸಿನ್ಸ್ ಅವರದ್ದು ಇನ್ನೊಂದು ದೊಡ್ಡ ಅಧ್ಯಾಯ. 1908ರಲ್ಲಿ ಐರಿಶ್ ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಆ ಹೋರಾಟದಲ್ಲಿ ಲಂಡನ್ ಮತ್ತು ಐರ್ಲೆಂಡ್ ಎರಡೂ ಕಡೆ ಜೈಲು ಕಂಡರು. ಭಾರತಕ್ಕೆ ಬಂದ ಮೇಲೆ 1917ರಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್, 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟುವಲ್ಲಿ ಮುಂದಾಳಾದರು. 1919ರಲ್ಲಿ ಟ್ಯಾಗೋರ್ ಮದನಪಲ್ಲಿಗೆ ಬಂದಾಗ 'ಜನಗಣಮನ'ದ ರಾಗಕ್ಕೆ ಸ್ವರಲಿಪಿ ಬರೆದುಕೊಂಡವರೂ ಇವರೇ.

ಒಂದೇ ವಿಭಾಗದಲ್ಲಿ ಓದಿದರೆ ಸಾಲದೇ?

ಸಮಸ್ಯೆ ಇರುವುದು ಇಲ್ಲೇ. ಇಂಗ್ಲಿಷ್ ವಿಭಾಗಕ್ಕೆ ಹೋದರೆ ಜೇಮ್ಸ್ ಕಸಿನ್ಸ್ ಯೇಟ್ಸ್ ನೆರಳಿನಲ್ಲಿ ಉಳಿದ ಸಣ್ಣ ಕವಿ. ಇತಿಹಾಸ ವಿಭಾಗದಲ್ಲಿ ಆನಿ ಬೆಸೆಂಟ್ ಬಳಗದ ಒಬ್ಬ ವಿದೇಶಿ. ಕಲಾ ಇತಿಹಾಸದಲ್ಲಿ ಗ್ಯಾಲರಿ ಕಟ್ಟಲು ನೆರವಾದ ಸಲಹೆಗಾರ. ಮಾರ್ಗರೆಟ್ ಅವರಂತೂ ಮಹಿಳಾ ಅಧ್ಯಯನ ಮತ್ತು ಸಂಗೀತ ಎರಡಕ್ಕೂ ಹಂಚಿಹೋಗುತ್ತಾರೆ. ಪ್ರತಿ ವಿಭಾಗಕ್ಕೂ ಒಂದು ತುಂಡು ಸಿಗುತ್ತದೆ, ಇಡೀ ಬದುಕು ಯಾರಿಗೂ ಸಿಗುವುದಿಲ್ಲ.

ಅಂತರಶಿಸ್ತೀಯ ಸಂಶೋಧನೆ ಎಂದರೆ ಮೂರ್ನಾಲ್ಕು ವಿಷಯಗಳನ್ನು ಒಂದೇ ಪ್ರಬಂಧದಲ್ಲಿ ತುಂಬುವುದಲ್ಲ. ಒಂದು ವಿಷಯದ ವಿಧಾನದಿಂದ ಮಾತ್ರ ಉತ್ತರಿಸಲಾಗದ ಪ್ರಶ್ನೆಯನ್ನು ಹಿಡಿದು, ಅದಕ್ಕೆ ಬೇಕಾದಷ್ಟು ಮಾತ್ರ ಬೇರೆ ವಿಧಾನಗಳನ್ನು ಬಳಸುವುದು. ಉದಾಹರಣೆಗೆ ಈ ಪ್ರಶ್ನೆಗಳನ್ನು ನೋಡಿ:

- ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದ ಕಸಿನ್ಸ್ ತಾವು ಬರೆದದ್ದು ಇಂಗ್ಲಿಷ್‌ನಲ್ಲಿ. 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್‌ನ ಭಾಷಾ ಚಳವಳಿಗೂ ಮೈಸೂರಿನ ಆ ಸಲಹೆಗೂ ಏನು ನಂಟು? ಇದಕ್ಕೆ ಸಾಹಿತ್ಯವೂ ಬೇಕು, ಭಾಷಾ ರಾಜಕಾರಣದ ಇತಿಹಾಸವೂ ಬೇಕು.
- ಕಸಿನ್ಸ್ ಬಂಗಾಳ ಶೈಲಿಯ ಚಿತ್ರಕಲೆಯ ದೊಡ್ಡ ಬೆಂಬಲಿಗರು. ಆ ಶೈಲಿಯವರು ರಾಜಾ ರವಿವರ್ಮರನ್ನು ಪಾಶ್ಚಾತ್ಯ ಅನುಕರಣೆಗಾಗಿ ಟೀಕಿಸಿದವರು. ಹಾಗಿದ್ದರೆ ರವಿವರ್ಮರ ನಾಡಿನಲ್ಲೇ, ಅವರ ಚಿತ್ರಗಳಿಗೆ ಹೆಸರಾದ ಗ್ಯಾಲರಿಯನ್ನು ಕಸಿನ್ಸ್ ಹೇಗೆ ರೂಪಿಸಿದರು? ಇದಕ್ಕೆ ಕಲಾ ಇತಿಹಾಸದ ಜೊತೆ ಸಂಸ್ಥಾನದ ಆಡಳಿತ ಕಡತಗಳೂ ಬೇಕು.
- ಐರಿಶ್ ರಾಜಕಾರಣದ 'ಹೋಮ್ ರೂಲ್' ಎಂಬ ಪದ ಬೆಸೆಂಟ್ ಮೂಲಕ 1916ರಲ್ಲಿ ಮದ್ರಾಸಿಗೆ ಬಂತು. ಆ ಚಳವಳಿಯಲ್ಲಿದ್ದ ಸಿ.ಪಿ. ರಾಮಸ್ವಾಮಿ ಅಯ್ಯರ್ 1936ರಲ್ಲಿ ತಿರುವಾಂಕೂರಿನ ದಿವಾನರಾದರು. ಪದದ ಅರ್ಥ ದಾರಿಯಲ್ಲಿ ಎಷ್ಟು ಬದಲಾಯಿತು?

ತಿರುವನಂತಪುರದಲ್ಲಿ ಏನು ಸಿಗುತ್ತದೆ?

ತಿರುವಾಂಕೂರು ಸಂಸ್ಥಾನದ ದಾಖಲೆಗಳು ಕೇರಳ ರಾಜ್ಯ ಪತ್ರಾಗಾರ ಇಲಾಖೆಯ ಅಧೀನದಲ್ಲಿವೆ. ಕೋಟೆ ಪ್ರದೇಶದಲ್ಲಿರುವ ಸೆಂಟ್ರಲ್ ಆರ್ಕೈವ್ಸ್ ಇದರ ಮುಖ್ಯ ಕೇಂದ್ರ. ಹಳೆಯ ಪುಸ್ತಕ, ಪತ್ರಿಕೆಗಳಿಗೆ 1829ರಲ್ಲಿ ಆರಂಭವಾದ ಸ್ಟೇಟ್ ಸೆಂಟ್ರಲ್ ಲೈಬ್ರರಿ ಇದೆ. ಪಾಳಯಂನಲ್ಲಿ ಕೇರಳ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಇದೆ. ಇನ್ನು ಶ್ರೀ ಚಿತ್ರಾ ಗ್ಯಾಲರಿಯನ್ನೇ ಒಂದು ದಾಖಲೆ ಎಂದು ಓದಬಹುದು. ರವಿವರ್ಮ, ರೋರಿಕ್, ತಂಜಾವೂರು ಚಿತ್ರಗಳು ಒಂದೇ ಸೂರಿನಡಿ ಬಂದದ್ದರ ಹಿಂದೆ ಒಬ್ಬ ಸಲಹೆಗಾರನ ಆಯ್ಕೆಯಿದೆ.

ಹಾಗಿದ್ದರೆ ಕೊಚ್ಚಿಗೆ ಏಕೆ ಹೋಗಬೇಕು?

1949ರ ಜುಲೈ 1ರವರೆಗೆ ಕೊಚ್ಚಿ ಮತ್ತು ತಿರುವಾಂಕೂರು ಬೇರೆ ಬೇರೆ ಆಡಳಿತಗಳು. ಹಾಗಾಗಿ ಕೊಚ್ಚಿ ಸಂಸ್ಥಾನದ ದಾಖಲೆಗಳಿಗೆ ಎರ್ನಾಕುಲಂನ ಪ್ರಾದೇಶಿಕ ಪತ್ರಾಗಾರಕ್ಕೇ ಹೋಗಬೇಕು. ಸ್ಟೆಲ್ಲಾ ಕ್ರಾಮ್ರಿಶ್, ವಾಸುದೇವ ಪೊದುವಾಳ್ ಜೊತೆ ಸೇರಿ ಕಸಿನ್ಸ್ ಬರೆದ ತಿರುವಾಂಕೂರಿನ ಕಲೆಗಳ ಕುರಿತ ಗ್ರಂಥವನ್ನು ಓದುವವರು ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ಕಣ್ಣಾರೆ ನೋಡಿದರೆ ಎರಡೂ ಸಂಸ್ಥಾನಗಳ ಕಲೆಯನ್ನು ಹೋಲಿಸಬಹುದು.

ಕೊಚ್ಚಿಗೆ ಇನ್ನೊಂದು ಮಹತ್ವವೂ ಇದೆ. ಕೇರಳದ ಸಾವಿರಾರು ನರ್ಸ್‌ಗಳು ಈ ಶತಮಾನದಲ್ಲಿ ಐರ್ಲೆಂಡ್‌ನ ಆಸ್ಪತ್ರೆಗಳಿಗೆ ಹೋಗಿದ್ದಾರೆ. 2022ರ ಐರಿಶ್ ಜನಗಣತಿಯಲ್ಲಿ ಭಾರತೀಯ ಪೌರರ ಸಂಖ್ಯೆ 45 ಸಾವಿರ ದಾಟಿತ್ತು. ಈ ಕುಟುಂಬಗಳ ಮೌಖಿಕ ಇತಿಹಾಸವೂ ಈಗ ಐರಿಶ್ ಸಂಸ್ಕೃತಿಯ ಭಾಗವೇ. ಇಲ್ಲಿ ಸಂಶೋಧಕರಿಗೆ ಸಂದರ್ಶನ, ಸಮ್ಮತಿ ಪತ್ರ, ಸಮಾಜಶಾಸ್ತ್ರದ ತರಬೇತಿ ಬೇಕಾಗುತ್ತದೆ.

ಐರ್ಲೆಂಡ್ ದಾಖಲೆಗಳನ್ನು ಮನೆಯಿಂದಲೇ ನೋಡಬಹುದೇ?

ಬಹಳಷ್ಟನ್ನು ನೋಡಬಹುದು, ಅದೂ ಉಚಿತವಾಗಿ. 1901 ಮತ್ತು 1911ರ ಐರಿಶ್ ಜನಗಣತಿಯ ಹಾಳೆಗಳು ಆನ್‌ಲೈನ್‌ನಲ್ಲಿವೆ. 1937ರಿಂದ 1939ರವರೆಗೆ ಶಾಲಾ ಮಕ್ಕಳಿಂದ ಸಂಗ್ರಹಿಸಿದ ಜನಪದ ಸಾಮಗ್ರಿ 'ಡೂಕಸ್' ತಾಣದಲ್ಲಿದೆ. ಸ್ವಾತಂತ್ರ್ಯ ಹೋರಾಟದಲ್ಲಿ ಭಾಗಿಯಾದವರ 1,773 ಹೇಳಿಕೆಗಳೂ ಡಿಜಿಟಲ್ ರೂಪದಲ್ಲಿ ಲಭ್ಯ.

1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟುಹೋಗಿ, ಶತಮಾನಗಳ ಕಡತಗಳು ಬೂದಿಯಾದವು. ಉಳಿದ ಪ್ರತಿಗಳನ್ನು ಬೇರೆ ಬೇರೆ ದೇಶಗಳಿಂದ ಹುಡುಕಿ ಜೋಡಿಸುವ ಡಿಜಿಟಲ್ ಭಂಡಾರ 2022ರಲ್ಲಿ ಶುರುವಾಯಿತು. ತನ್ನ ಇತಿಹಾಸದ ಚೂರುಗಳನ್ನು ಹೊರಗೆ ಹುಡುಕುವುದು ಐರ್ಲೆಂಡ್‌ಗೆ ಹೊಸದಲ್ಲ. ಕೇರಳದ ಕಡತಗಳಿಂದ ಹೊರಡುವ ಸಂಶೋಧನೆಗೆ ಅಲ್ಲಿ ಬೆಲೆ ಇರುವುದು ಈ ಕಾರಣಕ್ಕೇ.

ಪ್ರವೇಶ, ಅವಧಿ, ಹಣ: ತಿಳಿದಿರಬೇಕಾದ ಅಂಶಗಳು

- ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಕಡ್ಡಾಯ.
- ಬೇರೆ ವಿಭಾಗದ ಅಥವಾ ಬೇರೆ ಸಂಸ್ಥೆಯ ಸಹ ಮಾರ್ಗದರ್ಶಕರನ್ನು ಹೊಂದಲು ಅನುಮತಿ ಪಡೆಯಬಹುದು. ಅಂತರಶಿಸ್ತೀಯ ಸಂಶೋಧನೆಗೆ ಇದೇ ಮುಖ್ಯ ದಾರಿ.
- ಜೆಆರ್‌ಎಫ್ ಸಿಕ್ಕವರಿಗೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. (2023ರ ಜನವರಿಯಿಂದ ಜಾರಿಗೆ ಬಂದ ದರ).
- ಐರ್ಲೆಂಡ್‌ಗೇ ಹೋಗುವುದಾದರೆ ಅಲ್ಲಿನ ಸರ್ಕಾರದ ಸ್ನಾತಕೋತ್ತರ ಸಂಶೋಧನಾ ವಿದ್ಯಾರ್ಥಿವೇತನಕ್ಕೆ ಭಾರತೀಯರೂ ಅರ್ಜಿ ಹಾಕಬಹುದು. ಆದರೆ ಮೊದಲು ಅಲ್ಲಿನ ಮಾರ್ಗದರ್ಶಕರೊಬ್ಬರು ಒಪ್ಪಬೇಕು. ಯುರೋಪಿನ ಹೊರಗಿನವರಿಗೆ ಶುಲ್ಕ ಹೆಚ್ಚು. ವ್ಯತ್ಯಾಸವನ್ನು ಯಾರು ಭರಿಸುತ್ತಾರೆ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ಸಂಶೋಧನೆ ಎಷ್ಟೇ ವಿಷಯಗಳಿಗೆ ಚಾಚಿದರೂ ನೋಂದಣಿ ಆಗುವುದು ಒಂದೇ ವಿಭಾಗದಲ್ಲಿ. ಮುಂದೆ ಬೋಧಕ ಹುದ್ದೆಗೆ ಅರ್ಜಿ ಹಾಕುವಾಗ ನಿಮ್ಮ ಎಂ.ಎ., ನೆಟ್ ಮತ್ತು ಪಿಎಚ್‌ಡಿ ವಿಷಯಗಳು ಹೊಂದುತ್ತವೆಯೇ ಎಂದು ನೋಡುತ್ತಾರೆ. ಐದಾರು ವರ್ಷ ದುಡಿದು ಪ್ರಬಂಧ ಮುಗಿಸಿದ ಮೇಲೆ 'ಇದು ನಮ್ಮ ವಿಷಯವಲ್ಲ' ಎಂಬ ಮಾತು ಕೇಳಬಾರದು ಎಂದರೆ, ತವರು ವಿಭಾಗವನ್ನು ಮೊದಲ ದಿನವೇ ಯೋಚಿಸಿ ಆರಿಸಿ.

ಕನ್ನಡಿಗರಿಗೆ ಏನು ಅನುಕೂಲ?

ಕಸಿನ್ಸ್ ದಂಪತಿ ಇಬ್ಬರೂ ಸೇರಿ ಬರೆದ ಆತ್ಮಕಥೆ ಇಂಗ್ಲಿಷ್‌ನಲ್ಲಿದೆ. ಸಂಸ್ಥಾನದ ಕಡತಗಳನ್ನು ಓದಲು ಇಂಗ್ಲಿಷ್ ಜೊತೆ ಮಲಯಾಳವೂ ಬೇಕು. ಮೈಸೂರಿನ ಆ ಭೇಟಿಯ ವಿವರ ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಇದೆ, ಅದಿರುವುದು ಕನ್ನಡದಲ್ಲಿ. ಮೂರೂ ಭಾಷೆಗಳನ್ನು ಓದಬಲ್ಲವರು ಡಬ್ಲಿನ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕಾಸರಗೋಡಿನಲ್ಲಿ ಸಿಗುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತರಗತಿಯಲ್ಲಿ ಇಂಗ್ಲಿಷ್ ಬಳಸುವ ಅಲ್ಲಿನ ವಿದ್ಯಾರ್ಥಿಗೆ ಈ ವಿಷಯ ಹೇಳಿ ಮಾಡಿಸಿದಂತಿದೆ. ಜಿಲ್ಲೆಯ ಪೆರಿಯದಲ್ಲೇ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ವಿಭಾಗವೂ ಇದೆ.

ಅಂದಹಾಗೆ, ಮೊದಲ ಹೆಜ್ಜೆಗೆ ವೀಸಾ ಬೇಡ. ಕಾಸರಗೋಡಿನಿಂದ ತಿರುವನಂತಪುರಕ್ಕೆ ರಾತ್ರಿ ರೈಲು ಹತ್ತಿದರೆ ಸಾಕು.